ಶಿವಾಜಿನಗರದ ಸಲೂನ್‌ಗಳಲ್ಲಿ ಕತ್ತಿ ಹಿಡಿಯಲು ಕಲಿಯುತ್ತಿರುವ ತಮ್ಮಂದಿರಿಗೆ



ರಸೆಲ್ ಮಾರ್ಕೆಟ್ಟಿನ ಸುತ್ತಲಿನ ಗಲ್ಲಿಗಳಲ್ಲಿ, ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ, ಬೌರಿಂಗ್ ಆಸ್ಪತ್ರೆಯ ಅಕ್ಕಪಕ್ಕದ ರಸ್ತೆಗಳಲ್ಲಿ ಎರಡು ಕುರ್ಚಿ, ಮೂರು ಕುರ್ಚಿಯ ಅಂಗಡಿಗಳಲ್ಲಿ ನೀವು ಕೆಲಸ ಕಲಿಯುತ್ತಿದ್ದೀರಿ. ಇಲ್ಲೇ ಹುಟ್ಟಿ ಬೆಳೆದವರು ನಿಮ್ಮಲ್ಲಿದ್ದಾರೆ. ಕೋಲಾರ, ಚಿಂತಾಮಣಿ ಕಡೆಯಿಂದ ಬಂದವರಿದ್ದಾರೆ. ಉತ್ತರ ಪ್ರದೇಶ, ಬಿಹಾರಗಳಿಂದ ರೈಲು ಹತ್ತಿ ಬಂದು ವರ್ಷದೊಳಗೆ ಕನ್ನಡ, ತಮಿಳು, ಉರ್ದು ಮೂರನ್ನೂ ಗಿರಾಕಿಗಳ ಬಾಯಿಂದಲೇ ಕಲಿತವರಿದ್ದಾರೆ. ಇದೇ ಕೆಲಸದಲ್ಲಿ ಕೂದಲು ನರೆಸಿಕೊಂಡ ನಾನು ಇಂದು ನಿಮಗೆಲ್ಲ ಒಟ್ಟಾಗಿ ಬರೆಯುತ್ತಿರುವುದು ಒಂದೇ ವಿಷಯಕ್ಕೆ. ಗಡ್ಡ ಮಾಡುವಾಗ ಕತ್ತಿಯ ಓರೆ ಎಷ್ಟಿರಬೇಕು, ಅದನ್ನು ಕಂಡುಕೊಳ್ಳುವುದು ಹೇಗೆ?

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನೀವೆಲ್ಲ ಬಲಗೈ ನೋಡಿ ಕಲಿಯುತ್ತಿದ್ದೀರಿ. ಮೊಬೈಲಿನ ವಿಡಿಯೊ ನೋಡಿದರೂ ಅಷ್ಟೇ, ಪಕ್ಕದ ಕುರ್ಚಿಯ ಉಸ್ತಾದರನ್ನು ನೋಡಿದರೂ ಅಷ್ಟೇ, ನಿಮ್ಮ ಕಣ್ಣು ಕತ್ತಿ ಹಿಡಿದ ಕೈಮೇಲೆ. ಆದರೆ ಓರೆ ಎಂಬುದು ಕತ್ತಿಗೂ ಚರ್ಮಕ್ಕೂ ನಡುವೆ ಇರುವಂಥದ್ದು. ಕತ್ತಿ ಬಲಗೈಯಲ್ಲಿದೆ ನಿಜ, ಚರ್ಮ ಇರುವುದು ಎಡಗೈಯಲ್ಲಿ. ಎಡಗೈ ಕೆಲಸ ಮಾಡದಿದ್ದರೆ ಬಲಗೈ ಎಷ್ಟು ಪಳಗಿದರೂ ಓರೆ ನಿಲ್ಲುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಈಚೆಗೆ ನಡೆಯುವ ಬಹುಪಾಲು ಗಾಯ, ಉರಿ, ಕೆಂಪು ಗುಳ್ಳೆಗಳ ಮೂಲ ಇದೇ. ಗಿರಾಕಿಗಳು ಪಾಪ, ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ. ‘ನಂದು ಸೆನ್ಸಿಟಿವ್ ಸ್ಕಿನ್, ಬ್ಲೇಡ್ ಆಗಲ್ಲ, ಟ್ರಿಮ್ಮರ್ ಹಾಕಿ ಸಾಕು’ ಎನ್ನುತ್ತಾರೆ. ಅವರಲ್ಲಿ ಎಷ್ಟೋ ಜನರ ಚರ್ಮಕ್ಕೆ ಏನೂ ಆಗಿರುವುದಿಲ್ಲ, ಓರೆ ತಪ್ಪಿರುತ್ತದೆ.

ಲೆಕ್ಕದಿಂದ ಶುರುಮಾಡೋಣ. ಕತ್ತಿಯನ್ನು ಕೆನ್ನೆಯ ಮೇಲೆ ಪೂರ್ತಿ ಮಲಗಿಸಿದರೆ ಸೊನ್ನೆ ಡಿಗ್ರಿ, ನೆಟ್ಟಗೆ ನಿಲ್ಲಿಸಿದರೆ 90. ಇವೆರಡರ ನಡುವಿನ ಜಾಗವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ. ಮೊದಲ ಪಾಲು ಮುಗಿಯುವಲ್ಲಿ 30 ಡಿಗ್ರಿ. ಗಡ್ಡ ಮಾಡಲು ಬೇಕಾದದ್ದು ಹೆಚ್ಚುಕಡಿಮೆ ಅಷ್ಟು. ಮನೆಯಲ್ಲಿ ಬಳಸುವ ಸೇಫ್ಟಿ ರೇಜರ್‌ನಲ್ಲಿ ಈ ಚಿಂತೆಯೇ ಇಲ್ಲ. ಅಮೆರಿಕದ ಕಿಂಗ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ಆ ಸಾಧನದಲ್ಲಿ ಬ್ಲೇಡಿನ ಮೇಲಿನ ಮುಚ್ಚಳ, ಕೆಳಗಿನ ಹಲ್ಲುಪಟ್ಟಿ ಎರಡೂ ಚರ್ಮಕ್ಕೆ ತಾಗಿ ಓರೆಯನ್ನು ಕಟ್ಟಿಹಾಕುತ್ತವೆ. ನಮ್ಮ ಉಸ್ತರಾದಲ್ಲಿ ಮುಚ್ಚಳವೂ ಇಲ್ಲ, ಪಟ್ಟಿಯೂ ಇಲ್ಲ. ಆ ಕೆಲಸವನ್ನೆಲ್ಲ ಕೈಯೇ ಮಾಡಬೇಕು.

ಹಳೆಯ ಕಾಲದ, ಸಾಣೆ ಹಿಡಿದು ಚರ್ಮದ ಪಟ್ಟಿಗೆ ಉಜ್ಜಿ ಬಳಸುತ್ತಿದ್ದ ಕತ್ತಿಗೆ ಒಂದು ದಪ್ಪ ಬೆನ್ನಿತ್ತು. ಅದೇ ಅಳತೆಗೋಲು. ಬೆನ್ನಿಗೂ ಕೆನ್ನೆಗೂ ನಡುವೆ ಆ ಬೆನ್ನಿನದೇ ದಪ್ಪದ ಒಂದರಿಂದ ಒಂದೂವರೆಯಷ್ಟು ಸಂದು ಬಿಟ್ಟರೆ ಓರೆ 30ರ ಆಸುಪಾಸಿಗೆ ಬರುತ್ತಿತ್ತು. ಇಂದು ನೀವು ಹಿಡಿಯುವುದು ಅರ್ಧ ಬ್ಲೇಡ್ ಸಿಕ್ಕಿಸುವ ಉಸ್ತರಾ. 22 ಮಿಲಿಮೀಟರ್ ಅಗಲದ ಬ್ಲೇಡನ್ನು ಕಾಗದದ ಸಮೇತ ಮುರಿದರೆ 11 ಮಿಲಿಮೀಟರ್‌ನ ತುಂಡು. ಅದರಲ್ಲೂ ಹೊರಗೆ ಇಣುಕುವುದು ಒಂದೆರಡು ಮಿಲಿಮೀಟರ್. ದಪ್ಪ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ. ಈ ಅಂಚು ಹಳೆಯ ಕತ್ತಿಗಿಂತ ಹರಿತ, ಹಿಡಿಕೆ ಅದಕ್ಕಿಂತ ಹಗುರ. ಹಗುರವಾದ್ದರಿಂದ ಕೈ ತಾನಾಗಿ ಒತ್ತಲು ಹೋಗುತ್ತದೆ. ಅದನ್ನು ತಡೆಯಿರಿ. ಸಲಕರಣೆಯ ಭಾರವೇ ಸಾಕು. ಓರೆ ಸರಿಯಿದ್ದಾಗ ಒತ್ತುವ ಅಗತ್ಯವೇ ಬರುವುದಿಲ್ಲ, ಒತ್ತಬೇಕು ಅನ್ನಿಸಿದರೆ ಓರೆ ತಪ್ಪಿದೆ ಎಂದು ತಿಳಿಯಿರಿ.

ಓರೆ ತಪ್ಪಿದ್ದನ್ನು ತಿಳಿಯುವ ದಾರಿಗಳು ಮೂರು: ಸದ್ದು, ನೊರೆ, ಗಿರಾಕಿಯ ಮುಖ. ಕತ್ತಿ ತೀರಾ ಮಲಗಿದ್ದರೆ ಸದ್ದೇ ಬರುವುದಿಲ್ಲ. ನೊರೆ ಬರುತ್ತದೆ, ಕೂದಲು ಅಲ್ಲೇ ಉಳಿಯುತ್ತದೆ, ಕೆಲವೊಮ್ಮೆ ಹಿಡಿದು ಜಗ್ಗುತ್ತದೆ, ಗಿರಾಕಿಯ ಹುಬ್ಬು ಗಂಟಾಗುತ್ತದೆ. ತೀರಾ ಎದ್ದಿದ್ದರೆ ಗೋಡೆಯ ಸುಣ್ಣ ಕೆರೆದಂಥ ಸದ್ದು. ಕೂದಲೇನೋ ಹೋಗುತ್ತದೆ, ಅದರ ಜೊತೆಗೆ ಚರ್ಮದ ಮೇಲುಪದರವೂ ಹೋಗುತ್ತದೆ. ನೊರೆ ನಸುಗೆಂಪಾಗುತ್ತದೆ. ಪಟಿಕ ಹಚ್ಚಿದಾಗ ಗಿರಾಕಿ ಉಸಿರು ಎಳೆದುಕೊಳ್ಳುತ್ತಾರೆ. ಸರಿಯಾದ ಓರೆಯಲ್ಲಿ ಸಣ್ಣಗೆ, ಒಂದೇ ಸಮನೆ ‘ಸರ್‌ರ್’ ಎನ್ನುವ ಸದ್ದು. ಬ್ಲೇಡಿನ ಮೇಲೆ ಬಂದ ಬಿಳಿ ನೊರೆಯಲ್ಲಿ ಕಪ್ಪು ಚುಕ್ಕಿಗಳು ಒತ್ತಾಗಿ ಕಾಣುತ್ತವೆ. ಈ ಸದ್ದು ಕೇಳಲಿಕ್ಕಾದರೂ ಕಲಿಯುವ ದಿನಗಳಲ್ಲಿ ಅಂಗಡಿಯ ಹಾಡು ನಿಲ್ಲಿಸಿ. ಹೊರಗೆ ಬಸ್ಸು, ಆಟೋಗಳ ಗಲಾಟೆ ಹೇಗೂ ಇದ್ದೇ ಇದೆ.

ಇನ್ನು ಎಡಗೈ. ಮುಖ ಮೇಜಿನಂತೆ ಸಪಾಟಾಗಿದ್ದಿದ್ದರೆ ಒಮ್ಮೆ 30 ಡಿಗ್ರಿ ಹಿಡಿದು ಕಿವಿಯಿಂದ ಗಂಟಲವರೆಗೆ ಎಳೆದುಬಿಡಬಹುದಿತ್ತು. ಮುಖ ಹಾಗಿಲ್ಲ. ಕೆನ್ನೆಯ ಮೇಲೆ ಕತ್ತಿ ಇಳಿಯುತ್ತಿದೆ, ಓರೆ ಸರಿಯಾಗಿದೆ, ಸದ್ದೂ ಸರಿಯಾಗಿದೆ ಎಂದುಕೊಳ್ಳಿ. ದವಡೆಯ ಮೂಳೆ ಬಂತು. ಅಲ್ಲಿ ಚರ್ಮ ಒಳಕ್ಕೆ ತಿರುಗುತ್ತದೆ. ನಿಮ್ಮ ಕೈ ಒಂದಿಷ್ಟೂ ಅಲುಗದಿದ್ದರೂ ಓರೆ ಕರಗಿಹೋಗುತ್ತದೆ, ಅಂಚು ಕೂದಲನ್ನು ಬಿಟ್ಟು ಗಾಳಿಯಲ್ಲಿ ಇಳಿಯುತ್ತದೆ. ಆಗ ನೀವು ಮಣಿಕಟ್ಟು ತಿರುಗಿಸಿ ಕತ್ತಿಯನ್ನು ಮೂಳೆಗೆ ಎತ್ತಿ ಒತ್ತುತ್ತೀರಿ. ದವಡೆಯ ಅಂಚಿನ ಗಾಯ ಆಗುವುದು ಆ ಗಳಿಗೆಯಲ್ಲಿ. ಮುಂದೆ ದವಡೆಯ ಕೆಳಗಿನ ತಗ್ಗಿನಿಂದ ಕುತ್ತಿಗೆಗೆ ಬಂದಾಗ ಇದರ ತದ್ವಿರುದ್ಧ. ಚರ್ಮ ಹೊರಕ್ಕೆ ತಿರುಗುತ್ತದೆ, ಹಿಡಿದ ಕೈ ಹಾಗೇ ಇದ್ದರೆ ಓರೆ ಹೆಚ್ಚಾಗುತ್ತದೆ, ಬ್ಲೇಡ್ ಕೆರೆಯಲು ಶುರುಮಾಡುತ್ತದೆ. ಉಬ್ಬಿದ ಕಡೆ ಕೂದಲು ಉಳಿಯುವುದಕ್ಕೂ ತಗ್ಗಿನ ಕಡೆ, ಅಂದರೆ ಕತ್ತಿನ ಮೇಲೆ, ಗುಳ್ಳೆ ಏಳುವುದಕ್ಕೂ ಕಾರಣ ಇದೇ.

ಹಾಗಾದರೆ ಮಾಡುವುದೇನು? ಮಣಿಕಟ್ಟನ್ನು ಕ್ಷಣಕ್ಷಣಕ್ಕೂ ತಿರುಗಿಸುವ ಸಾಹಸ ಬೇಡ. ಚರ್ಮವನ್ನೇ ಕತ್ತಿಯ ದಾರಿಗೆ ತನ್ನಿ. ಎಡಗೈಯ ಬೆರಳುಗಳನ್ನು ಕೆನ್ನೆಯ ಮೇಲಿಟ್ಟು ಕಿವಿಯ ಕಡೆಗೆ ಮೇಲಕ್ಕೆ ಎಳೆಯಿರಿ. ದವಡೆಯ ಕೆಳಗಿದ್ದ ಚರ್ಮ ಮೂಳೆ ದಾಟಿ ಮೇಲೆ, ಸಪಾಟು ಜಾಗಕ್ಕೆ ಬರುತ್ತದೆ. ಅಲ್ಲಿ ಅದೇ ಓರೆ, ಅದೇ ಕೈ, ಸಣ್ಣದೊಂದು ಎಳೆತ. ಬಿಟ್ಟಾಗ ಚರ್ಮ ತನ್ನ ಜಾಗಕ್ಕೆ ಹೋಗುತ್ತದೆ, ದವಡೆಯ ಕೆಳಗೆ ಕತ್ತಿ ಹೋಗದೆಯೇ ಗಡ್ಡ ಆಗಿರುತ್ತದೆ. ಇಸ್ತ್ರಿ ಮಾಡುವವರು ಬಟ್ಟೆಯನ್ನು ಎಡಗೈಯಲ್ಲಿ ಎಳೆದು ಹಿಡಿದು ಬಲಗೈಯ ಪೆಟ್ಟಿಗೆಯನ್ನು ಸುಮ್ಮನೆ ಸಾಗಿಸುವುದನ್ನು ಗಮನಿಸಿ, ನಮ್ಮ ಎರಡು ಕೈಗಳ ಪಾಲುಗಾರಿಕೆಯೂ ಅದೇ ಬಗೆಯದು.

ಎಡಗೈಗೂ ಕೆಲವು ನಿಯಮಗಳಿವೆ. ಬೆರಳು ಒಣಗಿರಬೇಕು, ನೊರೆ ತಾಗಿದರೆ ಜಾರುತ್ತದೆ. ಪ್ರತಿ ಸಲವೂ ಟವೆಲಿಗೆ ಒರೆಸಿ, ಬೇಕಿದ್ದರೆ ಪಟಿಕದ ಪುಡಿ ಸವರಿಕೊಳ್ಳಿ. ಎಳೆಯುವುದು ಕತ್ತಿ ಸಾಗುವ ದಿಕ್ಕಿಗೆ ಎದುರಾಗಿ: ಕತ್ತಿ ಕೆಳಗೆ, ಬೆರಳು ಮೇಲೆ. ಬೆರಳು ಬ್ಲೇಡಿನಿಂದ ಎರಡು ಬೆರಳಗಲ ಹಿಂದೆಯೇ ಇರಲಿ. ಎಷ್ಟು ಎಳೆಯಬೇಕು ಎಂದರೆ ಸುಕ್ಕು ಹೋಗುವಷ್ಟು, ಅದಕ್ಕಿಂತ ಹೆಚ್ಚು ಬೇಡ. ಅತಿಯಾಗಿ ಎಳೆದರೆ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿಹೋಗಿ, ಆಮೇಲೆ ಒಳಗೇ ಸುತ್ತಿಕೊಂಡು ಬೆಳೆದು ಗುಳ್ಳೆಯಾಗುತ್ತದೆ. ಗುಂಗುರು ಗಡ್ಡದವರಿಗೆ ಈ ತೊಂದರೆ ಬೇಗ ಬರುತ್ತದೆ. ಅಂಥವರಿಗೆ ಉಲ್ಟಾ ಹೊಡೆಯಲೇಬೇಡಿ, ಸೀದಾ ಒಂದು ಸುತ್ತು ಸಾಕು ಎಂದು ಹೇಳಿ ಒಪ್ಪಿಸಿ.

ನಮ್ಮ ದಂಡು ಪ್ರದೇಶದ ಒಂದು ಹಳೆಯ ಸಾಕ್ಷಿ ಇಲ್ಲಿ ನೆನಪಿಗೆ ಬರುತ್ತದೆ. 1809ರಲ್ಲಿ ಇಲ್ಲಿ ಬ್ರಿಟಿಷರ ದಂಡು ನೆಲೆಯೂರಿತು. ಆ ದಂಡಿಗೆ 1896ರಲ್ಲಿ ನಾಲ್ಕನೇ ಹುಸಾರ್ ಪಡೆಯ ಜೊತೆ ಬಂದ ತರುಣ ಅಧಿಕಾರಿಯೊಬ್ಬ ಮುಂದೆ ಬ್ರಿಟನ್ನಿನ ಪ್ರಧಾನಿಯಾದ. ಅವನೇ ವಿನ್‌ಸ್ಟನ್ ಚರ್ಚಿಲ್. 1930ರಲ್ಲಿ ಪ್ರಕಟವಾದ ತನ್ನ ಬಾಲ್ಯ ಯೌವನಗಳ ಕಥೆಯಲ್ಲಿ ಅವನು ಬೆಂಗಳೂರಿನ ಬೆಳಗುಗಳನ್ನು ನೆನೆದಿದ್ದಾನೆ. ನಸುಕಿಗೆ ಮುಂಚೆಯೇ ಒಬ್ಬ ಕ್ಷೌರಿಕ ಬಂದು, ತಣ್ಣನೆಯ ಕೈಯಿಂದ ಗದ್ದ ಎತ್ತಿ, ನೊರೆ ಹಚ್ಚಿದ ಗಂಟಲ ಮೇಲೆ ಕತ್ತಿ ಆಡಿಸುತ್ತಿದ್ದುದನ್ನು ಬರೆದಿದ್ದಾನೆ. ಆ ಕ್ಷೌರಿಕನ ಹೆಸರು ಪುಸ್ತಕದಲ್ಲಿಲ್ಲ. ಆದರೆ ಗದ್ದ ಎತ್ತಿದ ಕೈಯ ನೆನಪು ಇದೆ. ಗದ್ದ ಎತ್ತಿದ ಕೂಡಲೇ ಕತ್ತಿನ ತಗ್ಗು ತುಂಬಿ ಚರ್ಮ ಬಿಗಿಯಾಗಿ ಸಪಾಟಾಗುತ್ತದೆ. ಬೆಳಕು ಹರಿಯದ ಹೊತ್ತಿನಲ್ಲಿ, ಮಂಚದ ಮೇಲೆ ಮಲಗಿದವನ ಗಂಟಲಿಗೆ ಬೆನ್ನುಳ್ಳ ಕತ್ತಿಯಿಂದ ಗಡ್ಡ ಮಾಡಬೇಕಾದರೆ ಕಣ್ಣನ್ನು ನಂಬಲಾಗದು, ಎಡಗೈಯನ್ನೇ ನಂಬಬೇಕು. ನಮ್ಮ ಕುಲಕಸುಬಿನ ಹಿರಿಯನೊಬ್ಬ ಇದೇ ಊರಿನಲ್ಲಿ ಎಂಥ ಕೈ ಪಳಗಿಸಿದ್ದ ಎಂಬುದಕ್ಕೆ ಅದು ಸಾಕ್ಷಿ. ಆ ಹೆಸರಿಲ್ಲದ ಕೈಗೆ ನೀವು ವಾರಸುದಾರರು ಎಂದು ನಾನು ಮನಸಾರೆ ನಂಬಿದ್ದೇನೆ.

ಈಗಿನ ವಿಜ್ಞಾನವೂ ಎಡಗೈಯ ಪರವಾಗಿಯೇ ಇದೆ. ಅಮೆರಿಕದ ಎಂಐಟಿಯ ಸಂಶೋಧಕರು ಬ್ಲೇಡ್ ಯಾಕೆ ಬೇಗ ಮೊಂಡಾಗುತ್ತದೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಉಕ್ಕಿನ ಅಂಚು ಅಲ್ಲಲ್ಲಿ ಚೂರು ಹಾರಿಹೋಗುತ್ತದೆ. ಕತ್ತರಿಸುವ ಮುನ್ನ ಕೂದಲಿಗೆ ಬಾಗಲು ಅವಕಾಶ ಸಿಕ್ಕಾಗ ಹಾಗಾಗುವುದು ಹೆಚ್ಚು. ಸಡಿಲ ಚರ್ಮದ ಮೇಲೆ ಕೂದಲು ಅಂಚಿನ ಮುಂದೆ ಒರಗುತ್ತಾ ಹೋಗುತ್ತದೆ, ಬಿಗಿ ಚರ್ಮದ ಮೇಲೆ ಬುಡ ಗಟ್ಟಿಯಾಗಿ ನಿಲ್ಲುತ್ತದೆ. ನೀರಿನ ಪಾಠವೂ ಇದರ ಜೊತೆಗೆ ಸೇರಬೇಕು. ಬೆಚ್ಚನೆಯ ನೀರು, ಬ್ರಷ್ಷಿನ ನೊರೆ ಎರಡು ಮೂರು ನಿಮಿಷ ಕೂತರೆ ಕೂದಲು ನೀರು ಕುಡಿದು ಮೆತ್ತಗಾಗುತ್ತದೆ. ಸ್ಪ್ರೇ ಬಾಟಲಿಯಿಂದ ಎರಡು ಸಲ ಚಿಮುಕಿಸಿ ಕತ್ತಿ ಹಚ್ಚುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಣ ಗಡ್ಡದ ಮೇಲೆ ಯಾವ ಓರೆಯೂ ಸರಿಯಾದ ಓರೆಯಲ್ಲ.

ಬಲೂನಿಗೆ ನೊರೆ ಹಚ್ಚಿ ಕಲಿಯುವ ಪದ್ಧತಿ ನಿಮಗೆಲ್ಲ ಗೊತ್ತು. ಒಳ್ಳೆಯ ಪದ್ಧತಿ, ಒತ್ತಬಾರದು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಯಾರೂ ಕಲಿಸಲಾರರು. ಆದರೆ ಪೂರ್ತಿ ಊದಿದ ಬಲೂನು ಎಲ್ಲ ಕಡೆಯೂ ಬಿಗಿ, ಎಲ್ಲ ಕಡೆಯೂ ಉಬ್ಬು. ಅಲ್ಲಿ ಎಡಗೈಗೆ ಕೆಲಸವೇ ಇಲ್ಲ. ಬಲೂನಿನಲ್ಲಿ ಗೆದ್ದ ಹುಡುಗ ಕತ್ತಿನ ಮೇಲೆ ಸೋಲುವುದು ಅದಕ್ಕೇ. ಬಲೂನು ಮುಗಿದ ಮೇಲೆ ನಿಮ್ಮದೇ ಮೊಣಕಾಲಿನ ಸುತ್ತ ಕಲಿಯಿರಿ. ಅಲ್ಲಿ ಮೂಳೆಯ ಉಬ್ಬಿದೆ, ಪಕ್ಕದಲ್ಲಿ ತಗ್ಗಿದೆ, ಚರ್ಮ ಸಡಿಲವಿದೆ, ಕೂದಲೂ ಇದೆ. ಕಾಲು ಮಡಚಿದಾಗ ಒಂದು ಓರೆ, ಚಾಚಿದಾಗ ಇನ್ನೊಂದು. ಎಡಗೈ ಎಲ್ಲಿ ಎಳೆದರೆ ಎಲ್ಲಿ ಸಪಾಟಾಗುತ್ತದೆ ಎಂಬುದು ಅಲ್ಲಿ ಕೈಗೆ ಹತ್ತುತ್ತದೆ.

ಮುಖದ ಕಷ್ಟದ ಜಾಗಗಳನ್ನು ಒಂದೊಂದಾಗಿ ಹೇಳುತ್ತೇನೆ. ಗದ್ದ ನಾಲ್ಕೂ ಕಡೆ ಉಬ್ಬು. ಕೆಳತುಟಿಯನ್ನು ಹಲ್ಲಿನ ಮೇಲೆ ಒಳಕ್ಕೆ ಎಳೆದುಕೊಳ್ಳಲು ಗಿರಾಕಿಗೆ ಹೇಳಿ, ಕಾಲಿಂಚಿನಷ್ಟು ಸಣ್ಣ ಸಣ್ಣ ಎಳೆತ ಹಾಕಿ. ಮೇಲ್ತುಟಿಗೆ ಅವರೇ ತುಟಿಯನ್ನು ಕೆಳಕ್ಕೆ ಬಿಗಿಹಿಡಿಯಲಿ. ಗಂಟಲಗಂಟಿನ ಮೇಲೆ ಕತ್ತಿ ಏರಿಸಬೇಡಿ, ಅಲ್ಲಿನ ಚರ್ಮವನ್ನು ಪಕ್ಕಕ್ಕೆ ಸರಿಸಿ ಸಪಾಟು ಜಾಗದಲ್ಲಿ ಮುಗಿಸಿ. ಕತ್ತಿನಲ್ಲಿ ಕೂದಲು ಒಬ್ಬರಿಗೆ ಮೇಲ್ಮುಖ, ಒಬ್ಬರಿಗೆ ಅಡ್ಡ, ಕೆಲವರಿಗೆ ಸುಳಿ. ನೊರೆ ಹಚ್ಚುವ ಮೊದಲೇ ಬೆರಳ ತುದಿಯಿಂದ ಸವರಿ ದಿಕ್ಕು ತಿಳಿದುಕೊಳ್ಳಿ. ಎಲ್ಲಿಯೇ ಆಗಲಿ, ಬ್ಲೇಡನ್ನು ಅದರ ಅಂಚಿನುದ್ದಕ್ಕೆ ಅಡ್ಡಡ್ಡ ಸರಿಸಬೇಡಿ. ಓರೆ ಎಷ್ಟೇ ಸರಿಯಿದ್ದರೂ ಅಡ್ಡ ಸರಿದ ಬ್ಲೇಡ್ ಚರ್ಮ ಕೊಯ್ಯುತ್ತದೆ.

ನಮ್ಮ ಶಿವಾಜಿನಗರದಲ್ಲಿ ಪೂರ್ತಿ ಗಡ್ಡ ತೆಗೆಯುವಷ್ಟೇ ಕೆಲಸ ಗಡ್ಡದ ಗೆರೆ ತಿದ್ದುವುದೂ ಇದೆ. ಖತ್ ತಿದ್ದುವಾಗ ಗೆರೆ ಕಾಣಬೇಕು, ಆದ್ದರಿಂದ ನೊರೆ ತೆಳುವಾಗಿರಲಿ. ಅಂಚನ್ನು ಗೆರೆಯ ಮೇಲೆ ಇಡುವಾಗ ಓರೆ ತುಸು ಹೆಚ್ಚಿರಬಹುದು. ಆದರೆ ಎಳೆತ ಶುರುವಾದ ಕೂಡಲೇ ಮತ್ತೆ 30ಕ್ಕೆ ಇಳಿಯಬೇಕು, ಗಡ್ಡದಿಂದ ದೂರಕ್ಕೆ ಸಾಗಬೇಕು. ಇಲ್ಲಿಯೂ ಚರ್ಮ ಎಳೆದ ಕೈ ಗೆರೆಯನ್ನು ಸೊಟ್ಟ ಮಾಡಬಾರದು. ಮೊದಲು ಎಳೆಯದೆ ಗೆರೆ ಗುರುತಿಸಿಕೊಳ್ಳಿ, ಆಮೇಲೆ ಎಳೆದು ಕತ್ತಿ ಹಚ್ಚಿ.

ವಯಸ್ಸಾದವರ ಬಗ್ಗೆ ನಿಮ್ಮಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಹಲ್ಲು ಹೋದ ಕೆನ್ನೆ ಒಳಕ್ಕೆ ಬಿದ್ದಿರುತ್ತದೆ, ಚರ್ಮ ಕಾಗದದಷ್ಟು ತೆಳ್ಳಗಿರುತ್ತದೆ. ಬಾಯಿಗೆ ಗಾಳಿ ತುಂಬಿಕೊಳ್ಳಿ ಎಂದರೆ ತಗ್ಗು ಉಬ್ಬಿ ಬರುತ್ತದೆ. ಅವಸರ ಬೇಡ. ಆಸ್ಪತ್ರೆಯಿಂದ ಬಂದವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಸಕ್ಕರೆ ಕಾಯಿಲೆಯವರು ನಮ್ಮ ಕುರ್ಚಿಯಲ್ಲಿ ದಿನವೂ ಕೂರುತ್ತಾರೆ. ‘ಮಾತ್ರೆ ಏನಾದ್ರೂ ತಗೋತೀರಾ ಯಜಮಾನ್ರೇ?’ ಎಂದು ಕೇಳುವುದರಲ್ಲಿ ಸಂಕೋಚವೇನಿಲ್ಲ. ಅವರಿಗೆ ಒಂದು ಸುತ್ತು ಸೀದಾ ಸಾಕು.

ಬ್ಲೇಡನ್ನು ಗಿರಾಕಿಯ ಕಣ್ಣೆದುರಿಗೇ ಮುರಿಯಿರಿ, ಹಳೆಯದನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತದಲ್ಲೂ ಅದು ಇರಬಲ್ಲದು. ಒಂದೇ ಪಟಿಕದ ಕಲ್ಲನ್ನು ಹತ್ತು ಮುಖಕ್ಕೆ ಉಜ್ಜುವುದೂ ಅಷ್ಟೇ ಅಪಾಯ. ಪುಡಿ ಮಾಡಿ ನೀರಿಗೆ ಹಾಕಿ, ಹತ್ತಿಯಲ್ಲಿ ಅದ್ದಿ ಹಚ್ಚಿ. ಬ್ಲೇಡ್ ಹೊಸದಿರುವುದು ಓರೆಗೂ ಒಳ್ಳೆಯದು, ಮೊಂಡು ಬ್ಲೇಡ್ ಕೈಯನ್ನು ಒತ್ತಲು ಎಳಸುತ್ತದೆ.

ಹಬ್ಬದ ದಿನಗಳ ಕಷ್ಟ ನನಗೆ ಗೊತ್ತು. ರಂಜಾನ್ ಮುಗಿಯುವ ಚಾಂದ್ ರಾತ್ರಿಯಲ್ಲಿ, ಸೆಪ್ಟೆಂಬರ್ 8ರ ಮೇರಿಯಮ್ಮನ ಹಬ್ಬದ ಹಿಂದುಮುಂದಿನ ದಿನಗಳಲ್ಲಿ ಬೆಂಚು ತುಂಬಿ ಬಾಗಿಲಾಚೆ ಜನ ನಿಂತಿರುತ್ತಾರೆ. ಮಾಲೀಕರು ಗಡಿಯಾರ ನೋಡುತ್ತಾರೆ. ಅಂಥ ಹೊತ್ತಿನಲ್ಲಿ ಮೊದಲು ರಜೆ ತೆಗೆದುಕೊಳ್ಳುವುದು ಎಡಗೈ. ಬಲಗೈ ಹೇಗೋ ಓಡುತ್ತದೆ, ಎಡಗೈ ಗಿರಾಕಿಯ ತಲೆ ಹಿಡಿದುಕೊಂಡು ಸುಮ್ಮನಾಗುತ್ತದೆ. ಅವಸರ ಮಾಡಲೇಬೇಕಾದರೆ ಎರಡನೇ ಸುತ್ತು ಬಿಡಿ, ಮಾಲೀಷು ಬಿಡಿ, ಚರ್ಮ ಎಳೆಯುವುದನ್ನು ಬಿಡಬೇಡಿ. ನುಣುಪು ಒಂದು ಕೂದಲೆಳೆ ಕಡಿಮೆಯಾದರೆ ಗಿರಾಕಿ ಮರೆಯುತ್ತಾರೆ, ಗಂಟಲ ಮೇಲಿನ ಗೀರನ್ನು ಮರೆಯುವುದಿಲ್ಲ.

ಇಷ್ಟೆಲ್ಲ ಯಾಕೆ, ಟ್ರಿಮ್ಮರ್ ಇದೆಯಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಟ್ರಿಮ್ಮರ್ ಅನ್ನು ಮನೆಯಲ್ಲಿ ಯಾರು ಬೇಕಾದರೂ ಕೊಂಡು ಆಡಿಸಬಹುದು. ಇನ್ನೊಬ್ಬರ ಗಂಟಲ ಮೇಲೆ ತೆರೆದ ಬ್ಲೇಡ್ ಇಟ್ಟು, ಅವರು ಕಣ್ಣು ಮುಚ್ಚಿ ನಿದ್ದೆಗೆ ಜಾರುವಷ್ಟು ನಂಬಿಕೆ ಹುಟ್ಟಿಸುವುದು ನಮ್ಮ ಕೈಗೆ ಮಾತ್ರ ಸಾಧ್ಯ. ನಾಳೆ ನೀವು ಹಲಸೂರಿಗೋ ಇಂದಿರಾನಗರಕ್ಕೋ ಹೋಗಿ ದೊಡ್ಡ ಸಲೂನಿನಲ್ಲಿ ಕೆಲಸ ಕೇಳಿದರೂ, ಕೆ.ಆರ್. ಪುರದಲ್ಲಿ ಸ್ವಂತ ಅಂಗಡಿ ಇಟ್ಟರೂ, ನಿಮ್ಮ ಜೊತೆ ಬರುವ ಆಸ್ತಿ ಈ ಕೈ.

ಆದ್ದರಿಂದ ಇವನ್ನು ಮಾಡಿ. ಈ ವಾರ ನಿಮ್ಮ ಅಂಗಡಿಯ ಹಿರಿಯರು ಗಡ್ಡ ಮಾಡುವಾಗ ಕತ್ತಿಯ ಕಡೆ ನೋಡದೆ ಅವರ ಎಡಗೈಯನ್ನೇ ನೋಡಿ, ಬೆರಳು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಗುರುತಿಟ್ಟುಕೊಳ್ಳಿ. ಅರ್ಥವಾಗದ್ದನ್ನು ಕೆಲಸ ಮುಗಿದ ಮೇಲೆ ಕೇಳಿ, ಕೇಳಿದವರಿಗೆ ಹೇಳಿಕೊಡದಷ್ಟು ಸಣ್ಣ ಮನಸ್ಸಿನವರು ನಮ್ಮಲ್ಲಿ ಕಡಿಮೆ. ನಿಮ್ಮ ಪಕ್ಕದ ಕುರ್ಚಿಯ ಗೆಳೆಯರಿಗೆ ಕನ್ನಡ ಓದಲು ಬಾರದಿದ್ದರೆ ಈ ಪತ್ರವನ್ನು ಅವರ ಮಾತಿನಲ್ಲಿ ಹೇಳಿ ತಿಳಿಸಿ. ಮಂಗಳವಾರ ಅಂಗಡಿಗೆ ರಜೆ. ಆ ದಿನ ಮಧ್ಯಾಹ್ನ ನಾನು ಗಡ್ಡ ಬಿಟ್ಟುಕೊಂಡೇ ಇರುತ್ತೇನೆ. ಬಲೂನು, ಮೊಣಕಾಲು ಎರಡನ್ನೂ ದಾಟಿ ಮೊದಲ ಸಲ ಮುಖಕ್ಕೆ ಕತ್ತಿ ಹಚ್ಚಲು ಹೆದರುವ ಹುಡುಗ ಯಾರೇ ಇರಲಿ, ಬಂದು ನನ್ನ ಮುಖದ ಮೇಲೆ ಕಲಿಯಲಿ. ವಯಸ್ಸಾದ ಕೆನ್ನೆ, ಸುಕ್ಕು ಬಿದ್ದ ಕತ್ತು. ಇಲ್ಲಿ ಓರೆ ಹಿಡಿದವರಿಗೆ ಬೇರೆಲ್ಲ ಮುಖಗಳೂ ಸುಲಭವಾಗುತ್ತವೆ.

ನಿಮ್ಮ ಏಳಿಗೆ ಬಯಸುವ,
ಶಿವಾಜಿನಗರದ ಹಳೆಯ ಕೆಲಸಗಾರ